ಒಂದೇ ಸೆಲ್ಲಿನ ಬ್ಯಾಟರಿ

“ನನ್ನ ಗಂಡ ಅಂಥಾ ಮನಷ್ಯಾ ಅಲ್ರಿ ಅಕ್ಕಾರ,” ಎಂದು ಸುಜಾತಾ ಹೊಸ್ತಿಲ ಹೊರಗೇ ನಿಂತು ಹೇಳಿದಳು. ಒಳಗೆ ಬಾ ಎಂದರೂ ಬರಲಿಲ್ಲ. “ಕೆಟ್ಟ ಸೆಲ್ ಹಾಕಿ ಒಂದು ಹುಡುಗಿ ಕಾಲು ಮುರಿಸೋ ಮನಷ್ಯಾ ಅಲ್ಲ. ಇವತ್ತ ಸಂಜಿಗೆ ಗುರುಬಸವ ಸಾವ್ಕಾರ್ರ ಮನ್ಯಾಗ ಮೀಟಿಂಗ್ ಐತಿ. ಇನ್ನ ಮುಂದ ಕಾಲೇಜಿಗೆ ಬರಬ್ಯಾಡ ಅನ್ನೂದೊಂದು ಬಾಕಿ.”

ದಾಕ್ಷಾಯಿಣಿ ಅಕ್ಕ ಶೇಂಗಾ ಸುಲಿಯುವುದನ್ನು ನಿಲ್ಲಿಸಿ, ಮೊರವನ್ನು ಪಕ್ಕಕ್ಕೆ ಸರಿಸಿದರು. ಅವರು ಮೊರ ಸರಿಸಿದರೆಂದರೆ ಕೆಲಸ ಒಪ್ಪಿಕೊಂಡರೆಂದೇ ಲೆಕ್ಕ. ಧಾರವಾಡದಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಅವರ ಬಳಿಗೆ ಸಪ್ತಾಪುರದ ಜನ ಪೊಲೀಸರಿಗಿಂತ ಮೊದಲು ಬರುತ್ತಾರೆ. ನಾನು ಕಮರುದ್ದೀನ, ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಅವರ ಮನೆಯ ಮೇಲ್ಮಹಡಿಯ ಬಾಡಿಗೆದಾರ. ಅವರ ಪತ್ತೇದಾರಿಕೆಗೆ ನನ್ನ ಸ್ಕೂಟರು, ನನ್ನ ಕಿವಿ ಎರಡೂ ಕಾಯಂ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಅವರಿಗೆ ಯಾವ ಉಪಯೋಗಕ್ಕೂ ಬಂದಿಲ್ಲ.

ಸುಜಾತಾಳ ಗಂಡ ರಾಜರತ್ನ ಒಂದು ಖಾಸಗಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾನೆ. ಕೆಲಸ ಇನ್ನೂ ಕಾಯಂ ಆಗಿಲ್ಲ. ಆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ದೊಡ್ಡ ಕೈ ಎಂದರೆ ಹತ್ತಿ ವ್ಯಾಪಾರಿ ಗುರುಬಸವ. ವಿದ್ಯಾರ್ಥಿಗಳ ಚಾರಣ ಬಳಗಕ್ಕೂ ಅವನೇ ಕಾರ್ಯದರ್ಶಿ. ಬಳಗದವರು ಈ ವರ್ಷ ಕಾಡಿಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ಆಪತ್ತಿನ ಚೀಲ ಕೊಡಬೇಕೆಂದು ನಿರ್ಧರಿಸಿದ್ದರು. ಅದರಲ್ಲಿ ಹಗ್ಗ, ಬೆಂಕಿಪೆಟ್ಟಿಗೆ, ಗಾಯದ ಪಟ್ಟಿ, ಶೇಂಗಾ ಉಂಡಿ, ಒಂದು ಬ್ಯಾಟರಿ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ, ಅದರೊಳಗೆ ಹಾಕುವುದು ಸೆಲ್ಲು.

ಯಾವ ಬ್ಯಾಟರಿ ಎಂಬುದರ ಮೇಲೆ ದೊಡ್ಡ ವಾದವೇ ನಡೆದಿತ್ತಂತೆ. ಬಳಗದ ಖಜಾಂಚಿ ಶಂಭುಲಿಂಗನಿಗೆ ಚಾರ್ಜ್ ಮಾಡುವ, ಮೈಲಿ ದೂರ ಬೆಳಕು ಹೊಡೆಯುವ ದೊಡ್ಡ ಬ್ಯಾಟರಿಯೇ ಬೇಕಿತ್ತು. ರಾಜರತ್ನ ಒಪ್ಪಲಿಲ್ಲ.

“ಚಾರ್ಜ್ ಇಳಿದ್ರ ಕಾಡಿನ್ಯಾಗ ಯಾವ ಮರಕ್ಕ ಚುಚ್ಚತಾರ ಅಂತ ಕೇಳಿದ್ರಂತ್ರಿ,” ಎಂದಳು ಸುಜಾತಾ. “ಬೆರಳಷ್ಟು ಬ್ಯಾಟರಿ, ಒಂದ ಸೆಲ್ ಇರಬೇಕು. ಅಂಥಾ ಸೆಲ್ ಯಾವ ಹಳ್ಳಿ ಕಿರಾಣಿ ಅಂಗಡ್ಯಾಗೂ ಸಿಗತೈತಿ. ಎರಡ ಸೆಲ್ ಹಾಕೂದ್ರಾಗ ಒಂದು ಕೆಟ್ರ ಎರಡೂ ಕೆಟ್ಟಂಗ. ದೂರ ಹೊಡಿಯೂದು ಬ್ಯಾಡ, ಭಾಳ ಹೊತ್ತು ಉರಿಯೂದು ಬೇಕು ಅಂದ್ರಂತ. ನಾಕೈದು ನಮೂನಿ ತಂದು ಬಕೇಟಿನ ನೀರಾಗ ಮುಳುಗಿಸಿ, ಮಾಳಗಿ ಮ್ಯಾಲಿಂದ ಒಗದು, ತೊಯ್ದ ಕೈಲೆ ಒತ್ತಿ ನೋಡಿ ಆರಿಸ್ಯಾರ್ರಿ. ನನ್ನ ಉಗುರುಬಣ್ಣ ಸೈತ ಖಾಲಿ ಮಾಡ್ಯಾರ.”

“ಉಗುರುಬಣ್ಣ ಯಾಕವಾ?” ಎಂದರು ಅಕ್ಕ.

“ಒಂದೊಂದು ಸೆಲ್ಲಿನ ಮೇಲ್ತುದಿ ಹತ್ತಿರ ಒಂದೊಂದು ಹನಿ ಇಟ್ರು. ಒಣಗಿದ್ಮ್ಯಾಲ ಬೆರಳಿಗೆ ಉಬ್ಬು ಹತ್ತತೈತಿ. ಕತ್ತಲ್ಯಾಗ ಸೆಲ್ ತಗದು ಹಾಕೂ ಪ್ರಸಂಗ ಬಂದ್ರ ಯಾವ ಬಾಜು ಒಳಗ ಹೋಗಬೇಕು ಅನ್ನೂದು ಮುಟ್ಟಿದ್ರ ತಿಳೀಲಿ ಅಂತ.”

ಇಷ್ಟು ಮಾಡಿದ ಮನುಷ್ಯನ ಮೇಲೆ ಅಪವಾದ. ದಸರೆಯ ನಂತರದ ರವಿವಾರ ಬಳಗ ಹಳಿಯಾಳದ ಆಚೆಯ ಕಾಡಿಗೆ ಹೋಗಿತ್ತು. ಋತುಜಾ ಎಂಬ ಹುಡುಗಿ ಹಿಂದೆ ಬಿದ್ದು, ದಾರಿ ತಪ್ಪಿ, ಕತ್ತಲಾದ ಮೇಲೆ ಹಳ್ಳದ ಕೊರಕಲಿಗೆ ಜಾರಿದಳು. ಕಾಲು ಮುರಿಯಿತು. ಮೊಬೈಲು ನೀರಿಗೆ ಬಿತ್ತು. ನೀರಿನ ಸಪ್ಪಳದಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಹತ್ತಿರದಲ್ಲೇ ಹುಡುಕುತ್ತಿದ್ದವರಿಗೆ ಒಂದು ಚೂರು ಬೆಳಕು ಕಂಡಿದ್ದರೂ ಸಾಕಿತ್ತು. ಆಕೆಯ ಬ್ಯಾಟರಿ ಹತ್ತಲೇ ಇಲ್ಲ. ಸಿಕ್ಕಿದ್ದು ಮರುದಿನ ಬೆಳಗಾದ ಮೇಲೆ.

ಆಮೇಲೆ ಗುರುಬಸವ ಕಾಲೇಜಿನ ಅಂಗಳದಲ್ಲಿ, ಪ್ರಾರ್ಥನೆಗೆ ನಿಂತ ಅಷ್ಟೂ ಹುಡುಗರ ಮುಂದೆ, ರಾಜರತ್ನನ ಹೆಸರು ಹೇಳಿ ಬೈದಿದ್ದ. ಅಗ್ಗದ ಮಾಲು ತಂದು ಹುಡುಗರ ಜೀವದ ಜೊತೆ ಆಟ ಆಡಿದ ಎಂದ. ಪೂಜೆಗೆ ಬಾ ಎಂದರೆ ಬರದವನಿಗೆ ಸಾಮಾನಿನ ಮೇಲೆ ಭಕ್ತಿ ಎಲ್ಲಿಂದ ಬರಬೇಕು ಎಂದೂ ಸೇರಿಸಿದ.

“ಪೂಜೆಗೂ ಬ್ಯಾಟರಿಗೂ ಏನು ಸಂಬಂಧ?” ಎಂದು ನಾನು ರೇಗಿದೆ.

“ದಸರಾ ಹಿಂದಿನ ದಿನ ಖಂಡೇಪೂಜಿಗೆ ಆ ಚೀಲಗೋಳು ಸಾವ್ಕಾರ್ರ ಮನ್ಯಾಗ ಇದ್ದೂವ್ರಿ. ಎಲ್ಲಾ ತಗದು ಗಾಡಿ, ಆಯುಧದ ಸಾಲಿನ್ಯಾಗ ಹರವಿ ಪೂಜಿ ಮಾಡ್ಯಾರ. ನಮ್ಮವರು ಅದಕ್ಕೂ ಮೊದಲ ಚೀಲ ಕಟ್ಟಿ ಕೊಟ್ಟು ನಾಗಪುರದ ರೈಲು ಹತ್ತಿದ್ರು. ದಸರಾ ದಿನ ಅಲ್ಲಿ ನಮ್ಮ ಬೌದ್ಧರ ದೀಕ್ಷಾಭೂಮಿಗೆ ಹೋಗೂದು ಅವರ ಅಪ್ಪನ ಕಾಲದಿಂದ ಬಂದದ್ದು. ವಾಪಸ್ ಬಂದದ್ದು ಹುಡುಗಿ ದವಾಖಾನಿ ಸೇರಿದ್ಮ್ಯಾಲ.”

ಅಕ್ಕ ಎದ್ದು ಕೈಚೀಲ ತೆಗೆದುಕೊಂಡರು. “ಗಾಡಿ ತಗೀರಿ ಮಾಸ್ತರ,” ಎಂದರು.

ಮೊದಲು ದವಾಖಾನೆಗೆ ಹೋದೆವು. ಋತುಜಾಳ ಕಾಲು ಪ್ಲಾಸ್ಟರಿನಲ್ಲಿತ್ತು. ಕೂಗಿ ಕೂಗಿ ಕೆಟ್ಟ ಗಂಟಲು ಇನ್ನೂ ಸರಿಯಾಗಿರಲಿಲ್ಲ.

“ನಾ ಬ್ಯಾಟರಿ ಬಿಚ್ಚಲಿಲ್ರಿ,” ಎಂದಳು ಸಣ್ಣ ದನಿಯಲ್ಲಿ. “ಗುಂಡಿ ಒತ್ತಿದೆ, ಹತ್ತಲಿಲ್ಲ. ಮತ್ತ ಒತ್ತಿದೆ. ಗುರುಬಸವ ಸರ್ ಬ್ಯಾಟರಿ ಬೆಳಕು ನನ್ನ ತಲಿ ಮ್ಯಾಲ ಹಾದು ಹೋತು. ನಾ ಒತ್ತಕೋತ ಇದ್ದೆ. ಮುಂದ ಬೆರಳು ನೋಯಾಕತ್ತು. ರಾಜರತ್ನ ಸರ್ ಹಂಗ್ಯಾಕ ಮಾಡಿದ್ರು ಅಕ್ಕಾರ? ನನಗ ಅವರು ಛಲೋ ಅನಿಸಿದ್ರು.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಸ್ಕೂಟರಿಗೆ ಒರಗಿ ನಿಂತೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗಲಿಲ್ಲ.

ಗುರುಬಸವನ ಮನೆ ಸಪ್ತಾಪುರದಲ್ಲೇ, ನಮ್ಮ ಮುಂದಿನ ಓಣಿಯಲ್ಲಿ. ಅವನೂ ಹಿಂದೊಮ್ಮೆ ಅಕ್ಕನ ವಿದ್ಯಾರ್ಥಿ. ನಡುಮನೆಯಲ್ಲಿ ನಮ್ಮನ್ನು ಕೂಡಿಸಿ, ಶಂಭುಲಿಂಗನನ್ನೂ ಕರೆಸಿದ. ಶಂಭುಲಿಂಗ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಋತುಜಾಳ ಬ್ಯಾಟರಿಯನ್ನೂ ಅದರಿಂದ ತೆಗೆದ ಸೆಲ್ಲನ್ನೂ ತಂದಿದ್ದ. ಕಾಡಿನಿಂದ ವಾಪಸ್ ಬಂದ ಉಳಿದ ಆಪತ್ತಿನ ಚೀಲಗಳು ಮೂಲೆಯ ಜಗಲಿಯ ಮೇಲೆ ಸಾಲಾಗಿ ಇದ್ದವು.

“ಬ್ಯಾಟರಿ ಬಿಚ್ಚಿದವರು ಯಾರಪಾ?” ಎಂದು ಕೇಳಿದರು ಅಕ್ಕ.

“ನಾನ್ರಿ. ದವಾಖಾನ್ಯಾಗ, ಹುಡುಗಿ ಅಪ್ಪನ ಮುಂದ, ಡಾಕ್ಟರ್ ಮುಂದ. ಸಾವ್ಕಾರ್ರೂ ಇದ್ರು. ಒಳಗ ಬರೂಮುಂದ ಕೈಗೆ ಔಷಧ ಹಚ್ಚಿ ತೊಳಿಸಿದ್ರು,” ಎಂದ ಶಂಭುಲಿಂಗ. “ಒಂದ ಸೆಲ್ಲಿಂದು ಬ್ಯಾಡ ಅಂತ ನಾ ಬಡಕೊಂಡೆ. ಯಾರು ಕೇಳಿದ್ರು?”

ಅಕ್ಕ ತಮ್ಮ ಕೈಚೀಲದಿಂದ ಹೊಸ ಸೆಲ್ಲೊಂದನ್ನು ತೆಗೆದು ಆ ಬ್ಯಾಟರಿಗೆ ಹಾಕಿ ಗುಂಡಿ ಒತ್ತಿದರು. ಗೋಡೆಯ ಮೇಲೆ ಬೆಳ್ಳಗೆ ಬೆಳಕು ಬಿತ್ತು. ನನಗೆ ತಡೆಯಲಾಗಲಿಲ್ಲ.

“ಇದನ್ನ ಮೊದಲ ಮಾಡಿ ನೋಡಾಕ ಏನಾಗಿತ್ರಿ ನಿಮಗ? ಬ್ಯಾಟರಿ ಅಗ್ಗದ್ದು ಅಂತ ಊರೆಲ್ಲಾ ಡಂಗುರ ಹೊಡದ್ರಿ. ಒಂದು ಹೊಸ ಸೆಲ್ ಹಾಕಿ ನೋಡಾಕ ಆಗಲಿಲ್ಲೇನು?”

“ಹಂಗಾರ ಸೆಲ್ ಕೆಟ್ಟದ್ದು ಹಾಕ್ಯಾನ,” ಎಂದ ಗುರುಬಸವ, ದನಿ ಏರಿಸದೆ. “ಎರಡೂ ಅವನ ತಪ್ಪ. ನಾವಂತೂ ಪೂಜಿ ಮಾಡಿ ಚೀಲ ಕಟ್ಟಿ ಆ ಜಗಲಿ ಮ್ಯಾಲ ಇಟ್ಟದ್ದು, ರವಿವಾರ ಹಂಚೂತನಾ ಯಾರೂ ಮುಟ್ಟಿಲ್ಲ. ಅದಕ್ಕ ನಾ ಜವಾಬ್ದಾರ.”

ಅಕ್ಕ ಕೆಟ್ಟ ಸೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪು ಹೊದಿಕೆಯ ಸಾದಾ ಸೆಲ್ಲು. ಉಗುರುಬಣ್ಣದ ಉಬ್ಬು ಇರಲಿಲ್ಲ. ತಳದ ತಗಡಿನ ಮೇಲೆ ಕೆಂಪಗೆ ಏನೋ ಮೆತ್ತಿತ್ತು. ತುಕ್ಕು ಎಂದ ಶಂಭುಲಿಂಗ. ಜಗಲಿಯ ಮೇಲಿನ ಚೀಲಗಳ ಬ್ಯಾಟರಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ಎಲ್ಲದರಲ್ಲೂ ಬಂಗಾರದ ಬಣ್ಣದ ಪಟ್ಟಿಯ ಸೆಲ್ಲು, ಎಲ್ಲದಕ್ಕೂ ನೇರಳೆ ಬಣ್ಣದ ಸಣ್ಣ ಉಬ್ಬು. ಒಳಗೆ ಎಲ್ಲೂ ಕೆಂಪು ಇರಲಿಲ್ಲ.

“ಒಂದು ಸೆಲ್ ಕಡಿಮಿ ಬಿದ್ದಿರಬೇಕು, ಮನ್ಯಾಗಿಂದು ಹಳೇದು ತುರುಕ್ಯಾನ,” ಎಂದ ಗುರುಬಸವ.

ಅಷ್ಟರಲ್ಲಿ ಅವನ ತಾಯಿ ಬಾಳವ್ವ ಚಹಾ ತಂದರು. ಹಣೆ ತುಂಬ ವಿಭೂತಿ, ಮಾತು ಮೃದು. ಅಕ್ಕ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಹಬ್ಬದ ಸುದ್ದಿ ತೆಗೆದರು. ಇಂಥ ಹೊತ್ತಿನಲ್ಲಿ ಹೋಳಿಗೆ ಸುದ್ದಿ ಯಾಕೆ ಎಂದು ನನಗೆ ಒಳಗೊಳಗೇ ಕಸಿವಿಸಿ.

“ಛಲೋ ಆತ್ರಿ ಹಬ್ಬ,” ಎಂದರು ಬಾಳವ್ವ. “ಗಾಡಿ, ತಕ್ಕಡಿ, ಹೊಲಿಗಿ ಮಶೀನು, ಹುಡುಗರ ಈ ಬ್ಯಾಟರಿ, ಎಲ್ಲಾ ಇಟ್ಟಿದ್ವಿ. ನಾ ಇಭೂತಿ ಹಚ್ಚಿದೆ. ಕುಂಕುಮ ನಾ ಮುಟ್ಟೂದಿಲ್ಲಲ್ಲ, ಅದನ್ನ ನನ್ನ ಮಗ ಹಚ್ಚಿದ. ಸೊಸಿ ತವರಮನಿಗೆ ಹೋಗಿದ್ಲು, ಇದ್ದವರು ನಾವಿಬ್ಬರ. ಕುಂಕುಮ ಮನ್ಯಾಗ ಮಾಡಿದ್ದು, ಅರಿಷಿಣಕ್ಕ ಸುಣ್ಣ ಕೂಡಿಸಿ. ಅಂಗಡಿ ಕುಂಕುಮ ಹಣಿ ಸುಡತೈತ್ರಿ. ಒಂದ ಫಜೀತಿ ಆತು ನೋಡ್ರಿ, ಪೂಜಿ ನಡುವ ಗಡಿಯಾರ ಕೆಟ್ಟು ಮುಳ್ಳು ಇದ್ದಲ್ಲೇ ಮಿಡುಕಾಕತ್ತು. ಹಬ್ಬದ ದಿನ ಮನ್ಯಾಗ ನಿಂತ ಗಡಿಯಾರ ಇರಬಾರದು ಅಂತ ನಾ ವಟಗುಟ್ಟಿದೆ. ಮಂಗಳಾರತಿ ಆಗೂದ್ರಾಗ ನೆಟ್ಟಗಾತು. ಶಂಭುಲಿಂಗ ಪ್ರಸಾದಕ್ಕ ಬಂದ, ಎರಡ ಹೋಳಿಗಿ ತಿಂದ, ಕೈ ತೊಳಕೊಂಡು ಹೋದ.”

ಶಂಭುಲಿಂಗ ನಕ್ಕ. ಅಕ್ಕ ಚಹಾ ಮುಗಿಸಿ, ಸಂಜೆ ಮೀಟಿಂಗಿಗೆ ತಾವೂ ಬರುವುದಾಗಿ ಹೇಳಿ ಎದ್ದರು. ಬ್ಯಾಟರಿಯನ್ನೂ ಆ ಸೆಲ್ಲನ್ನೂ ಶಂಭುಲಿಂಗನಿಂದ ಕೇಳಿ ಪಡೆದರು.

ಮನೆಗೆ ಬಂದವರೇ ನನ್ನ ಕೋಣೆಯ ಗೋಡೆ ಗಡಿಯಾರ ಇಳಿಸಿ, ಅದರ ಸೆಲ್ಲು ತೆಗೆದು, ಆ ಕಪ್ಪು ಸೆಲ್ಲನ್ನು ಅದರ ತಳಕ್ಕೆ ಬೆರಳು ತಾಗದಂತೆ ಹಾಕಿದರು. ಸೆಕೆಂಡಿನ ಮುಳ್ಳು ಮುಂದೆ ಹೋಗಲಿಲ್ಲ. ಇದ್ದಲ್ಲೇ ಎದ್ದು ಎದ್ದು ಬಿತ್ತು.

“ಏನು ತಿಳೀತು ಮಾಸ್ತರ?”

“ನನ್ನ ಗಡಿಯಾರ ಕೆಟ್ಟಿತು ಅಂತ ತಿಳೀತು.”

“ನಿಂಬಿಹಣ್ಣು ಒಂದು ಕಿಸೆದಾಗ ಹಾಕ್ಕೊರ್ರಿ,” ಎಂದರು ಅಕ್ಕ. ಮುಂದೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಸಂಜೆ ಗುರುಬಸವನ ನಡುಮನೆಯಲ್ಲಿ ಬಳಗದ ಹಿರಿಯರು, ಕಾಲೇಜಿನ ಪ್ರಾಚಾರ್ಯರು, ಶಂಭುಲಿಂಗ ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು. ರಾಜರತ್ನ ನಿಂತಿದ್ದ. ಪಕ್ಕದಲ್ಲಿ ಸುಜಾತಾ. ಅಪರಾಧಿಯ ಹಾಗೆ ಅವರನ್ನು ನಿಲ್ಲಿಸಿದ್ದು ನೋಡಿ ನಾನು ನನ್ನ ಕುರ್ಚಿಯನ್ನು ಎಳೆದು ಸುಜಾತಾಳ ಮುಂದೆ ಇಟ್ಟೆ. ಆಕೆ ಕೂಡಲಿಲ್ಲ. ನಾನೂ ಕೂಡಲಿಲ್ಲ.

ಗುರುಬಸವ ಮಾತು ಶುರು ಮಾಡುವ ಮೊದಲೇ ಅಕ್ಕ ಎದ್ದರು.

“ಬ್ಯಾಟರಿ ಛಲೋ ಐತಿ ಅನ್ನೂದು ಮುಂಜಾನೆ ಗೊತ್ತಾತು. ಈಗ ಉಳದದ್ದು ಸೆಲ್ಲಿನ ಮಾತು. ಇದನ್ನ ಒಳಗ ಹಾಕಿದವರು ಯಾರು? ತಳದಾಗ ಕೆಂಪು ಐತಿ. ಶಂಭುಲಿಂಗ ತುಕ್ಕು ಅಂದ. ನಾ ತುಕ್ಕು ಹೌದೋ ಅಲ್ಲೋ ನೋಡತೇನಿ.”

ಸೆಲ್ಲಿನ ತಳವನ್ನು ಬಿಳಿ ಅರಳೆಗೆ ಒರೆಸಿದರು. ಅರಳೆ ಕೆಂಪಾಯಿತು. ನಾನು ಕೊಟ್ಟ ನಿಂಬೆಹಣ್ಣನ್ನು ಕೊಯ್ದು ಅದರ ಮೇಲೆ ಒಂದು ಹನಿ ಹಿಂಡಿದರು. ಕೆಂಪು ಹೋಗಿ ಹಳದಿಯಾಯಿತು. ಎಲ್ಲರೂ ಮುಂದಕ್ಕೆ ಬಾಗಿ ನೋಡಿದರು.

“ತುಕ್ಕು ಇದ್ರ ಹಳದಿ ಆಗೂದಿಲ್ಲ. ಇದು ಅರಿಷಿಣಕ್ಕ ಸುಣ್ಣ ಕೂಡಿಸಿದ ಕುಂಕುಮ. ಹುಳಿ ಬಿದ್ರ ಸುಣ್ಣದ ಜೋರು ಹೋಗಿ ಅರಿಷಿಣ ವಾಪಸ್ ಕಾಣತೈತಿ. ಇಂಥಾ ಕುಂಕುಮ ಈ ಮನ್ಯಾಗ ಬಾಳವ್ವಾರು ಮಾಡತಾರ. ಮುಚ್ಚಿದ ಬ್ಯಾಟರಿ ಒಳಗ, ಸೆಲ್ಲಿನ ತಳಕ್ಕ ಅದು ಹೆಂಗ ಹೋತು? ರಬ್ಬರ ಸುತ್ತಿನ ಮುಚ್ಚಳ ಅದು, ನೀರು ಸೈತ ಒಳಗ ಹೋಗೂದಿಲ್ಲ. ಉಳದ ಬ್ಯಾಟರಿಗೂ ಮ್ಯಾಲ ಕುಂಕುಮ ಹಚ್ಚ್ಯಾರ, ಒಳಗ ಒಂದರಾಗೂ ಇಲ್ಲ. ಅಂದ್ರ ಕುಂಕುಮದ ಕೈಯವರು ಈ ಸೆಲ್ಲನ್ನ ಹಿಡದು ಒಳಗ ಹಾಕ್ಯಾರ. ಪೂಜಿ ನಡದಾಗ ಹಾಕ್ಯಾರ. ಆವತ್ತ ರಾಜರತ್ನ ನಾಗಪುರದ ಹಾದ್ಯಾಗ ಇದ್ದ. ಪೂಜಿಗೆ ಬರಲಿಲ್ಲ ಅಂತ ಕಾಲೇಜಿನ ಅಂಗಳದಾಗ ಬೈದ್ರಲ್ಲ, ಹಂಗ ಬರಲಾರದ ಇದ್ದದ್ದ ಅವನ ಸಾಕ್ಷಿ ಆತು.”

ರಾಜರತ್ನ ತಲೆ ಎತ್ತಿದ. ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸತೊಡಗಿದರು.

“ಶಂಭುಲಿಂಗನ ಮ್ಯಾಲೂ ನನಗ ಅನುಮಾನ ಇತ್ತು,” ಎಂದು ಅಕ್ಕ ಮುಂದುವರಿಸಿದರು. “ವಾದದಾಗ ಸೋತವ. ಆದರ ಅವ ಬಂದದ್ದು ಪ್ರಸಾದಕ್ಕ, ಕೈಗೆ ಕುಂಕುಮ ಹತ್ತಿಲ್ಲ. ದವಾಖಾನ್ಯಾಗ ಬಿಚ್ಚೂಮುಂದ ಕೈ ತೊಳದಿತ್ತು, ಡಾಕ್ಟರ್ ನೋಡ್ಯಾರ. ಬಾಳವ್ವಾರು ಹಚ್ಚಿದ್ದು ಇಭೂತಿ, ಅವರು ಕುಂಕುಮ ಮುಟ್ಟೂದಿಲ್ಲ. ಇನ್ನ ಸೆಲ್ ಎಲ್ಲಿಂದ ಬಂತು ಅನ್ನೂದು. ಮಾಸ್ತರ ಗಡಿಯಾರಕ್ಕ ಹಾಕಿ ನೋಡಿದೆ. ಮುಳ್ಳು ಇದ್ದಲ್ಲೇ ಮಿಡುಕಿತು. ಹಬ್ಬದ ದಿನ ಇಲ್ಲೊಂದು ಗಡಿಯಾರ ಹಂಗ ಮಿಡುಕಿತ್ತು. ಮಂಗಳಾರತಿಯೊಳಗ ನೆಟ್ಟಗಾತು. ಪೂಜಿ ಬಿಟ್ಟು ಯಾರೂ ಅಂಗಡಿಗೆ ಹೋಗಿಲ್ಲ. ಹೊಸ ಸೆಲ್ ಎಲ್ಲಿಂದ ಬಂತು? ಮಾಸ್ತರ, ಅದನ್ನ ಕೆಳಗ ಇಳಸ್ರಿ.”

ಎಲ್ಲರ ಕಣ್ಣೂ ಗೋಡೆಯ ಮೇಲೆ ಹೋಯಿತು. ಅಷ್ಟು ಜನ ನ್ಯಾಯ ಹೇಳಲು ಅದರ ಕೆಳಗೇ ಕೂತಿದ್ದರು. ನಾನು ಕುರ್ಚಿ ಹತ್ತಿ ಗಡಿಯಾರ ಇಳಿಸಿದೆ. ಹಿಂದೆ ಬಂಗಾರದ ಪಟ್ಟಿಯ ಸೆಲ್ಲು. ಹೊದಿಕೆಯ ಮೇಲೆ ಒಣಗಿದ ಕೆಂಪು ಬೆರಳಚ್ಚು.

“ಇಂಥಾ ಸೆಲ್ ಅಂಗಡ್ಯಾಗ ಸಿಗತಾವ,” ಎಂದ ಗುರುಬಸವ.

ಅಕ್ಕ ಸೆಲ್ಲನ್ನು ಸುಜಾತಾಳ ಕೈಗೆ ಕೊಟ್ಟರು. ಆಕೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮೇಲ್ತುದಿಯನ್ನು ಸವರಿದಳು. “ಐತ್ರಿ,” ಎಂದಳು. “ನನ್ನ ಉಗುರುಬಣ್ಣ.” ಆಮೇಲೆ ಅಳತೊಡಗಿದಳು.

ಕೊನೆಗೆ ಗುರುಬಸವನೇ ಬಾಯಿ ಬಿಟ್ಟ.

“ಅವ್ವ ಗಡಿಯಾರ ನಿಂತೈತಿ ಅಂತ ಒಂದ ಸವನ ಅನ್ನಾಕತ್ತಿದ್ಲು. ಬ್ಯಾಟರಿ ಎಲ್ಲಾ ಮುಂದ ಹರವಿದ್ವು, ಒಂದನ್ನ ಬಿಚ್ಚಿ ಸೆಲ್ ತಗದೆ. ಖಾಲಿ ಇಡೂದು ಬ್ಯಾಡ ಅಂತ ಹಳೇದು ಹಾಕಿಟ್ಟೆ. ನಾಳೆ ಹೊಸದು ತಂದು ಹಾಕೂಣು ಅಂದೆ. ಮರತುಬಿಟ್ಟೆ. ಖರೇ ಹೇಳ್ತೇನಿ ಮೇಡಂ, ಬೇಕಂತ ಮಾಡಿಲ್ಲ.”

“ಅದನ್ನ ನಂಬತೇನಿ,” ಎಂದರು ಅಕ್ಕ. “ಸೆಲ್ ತಗದದ್ದು ಮರವು. ಶಂಭುಲಿಂಗ ಬ್ಯಾಟರಿ ಬಿಚ್ಚಿ ಈ ಕಪ್ಪು ಸೆಲ್ ತಗದಾಗ ನಿನಗ ಎಲ್ಲಾ ತಿಳದಿತ್ತು. ಮರುದಿನ ಅಂಗಳದಾಗ ನಿಂತು ರಾಜರತ್ನನ ಹೆಸರು ಹೇಳಿದ್ದು ಮರವಲ್ಲ, ಗುರುಬಸವ. ಅದನ್ನ ನೀ ತಿಳದ ಮಾಡಿದಿ. ಗುರುತು ಅಳಸಾಕ ಗಡಿಯಾರದ ಸೆಲ್ ಬದಲಿ ಮಾಡೂಣು ಅಂದ್ರ ಅವ್ವ ದಿನಾ ಅದರ ಮುಂದ ಕೂತಿರತಾರ. ಯಾಕ ಅಂತ ಕೇಳತಿದ್ರು.”

“ಒಂದ ಮಾತು ಬಾಯಿಂದ ಹೊಂಟಿತು. ಆಮ್ಯಾಲ ಹಿಂದ ತಗೊಳ್ಳಾಕ ಆಗಲಿಲ್ಲ,” ಎಂದ ಗುರುಬಸವ. ಪ್ರಾಚಾರ್ಯರ ಕಡೆ ನೋಡಿ, “ಇದು ಇಲ್ಲೇ ಮುಗೀಲಿ ಸರ್. ರಾಜರತ್ನನ ಮ್ಯಾಲ ಯಾವ ಕ್ರಮಾನೂ ಬ್ಯಾಡ. ಸೋಮವಾರದಿಂದ ಬರಲಿ. ಹೊರಗ ಯಾಕ ಸುದ್ದಿ?” ಎಂದ.

ಪ್ರಾಚಾರ್ಯರು ತಲೆಯಾಡಿಸಿದರು. ಇನ್ನೂ ಒಂದಿಬ್ಬರು ತಲೆಯಾಡಿಸಿದರು. ಇವರಿಗೆ ನಾಚಿಕೆ ಎಂಬುದು ಬೇಡವೇ? ಬೈಯುವಾಗ ಇಡೀ ಕಾಲೇಜು ಬೇಕು, ತಪ್ಪು ಒಪ್ಪುವಾಗ ನಾಲ್ಕು ಗೋಡೆ ಸಾಕು. ಹೀಗೆ ಕೂಗಲು ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದರು, ಯಾಕೆಂದರೆ ರಾಜರತ್ನ ಮಾತಾಡುತ್ತಿದ್ದ.

“ನಾ ಬರತೇನ್ರಿ ಸರ್, ಪಾಠ ಉಳದಾವು. ಆದರ ನೀವು ನನ್ನ ಹೆಸರು ಎಲ್ಲಿ ಕೆಡಿಸಿದ್ರಿ ಅಲ್ಲೇ ನಿಂತು ಹೇಳಬೇಕು. ಪ್ರಾರ್ಥನಾ ಹೊತ್ತಿಗೆ, ಅಷ್ಟೂ ಹುಡುಗರ ಮುಂದ. ಇಲ್ಲಂದ್ರ ಈ ಕೆಲಸ ನನಗ ಬ್ಯಾಡ.”

“ನನ್ನ ಮರ್ಯಾದಿ ಏನಾಗಬೇಕಪಾ?” ಎಂದ ಗುರುಬಸವ.

ಉತ್ತರ ಕೊಟ್ಟವರು ಬಾಳವ್ವ. ಅವರು ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿದ್ದರು.

“ಅವನ ಮರ್ಯಾದಿ ತಗೀಮುಂದ ಇದನ್ನ ಕೇಳಬೇಕಿತ್ತು. ಗಡಿಯಾರ ನಿಂತಿದ್ರ ನಿಲ್ಲಲಿ ಅಂತಿದ್ದೆ ನಾ, ನನಗ ಹೇಳಿದ್ರ. ಸೋಮವಾರ ನಾನೂ ಬರತೇನಿ. ನೀ ಹೇಳದಿದ್ರ ನಾ ಹೇಳತೇನಿ.”

ಸೋಮವಾರ ನಾನು ನನ್ನ ಸಾಲೆಗೆ ರಜೆ ಹಾಕಿ ಆ ಕಾಲೇಜಿನ ಗೇಟಿನೊಳಗೆ ಹೋಗಿ ನಿಂತೆ. ಪ್ರಾರ್ಥನೆ ಮುಗಿಯಿತು. ಬಾಳವ್ವ ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗುರುಬಸವ ಮೈಕಿನ ಮುಂದೆ ನಿಂತು, ಗಡಿಯಾರಕ್ಕಾಗಿ ಸೆಲ್ಲು ತೆಗೆದವನು ತಾನೇ, ಗೊತ್ತಿದ್ದೂ ರಾಜರತ್ನ ಸರ್ ಅವರ ಮೇಲೆ ಸುಳ್ಳು ಹೊರಿಸಿದವನೂ ತಾನೇ ಎಂದು ಹೇಳಿದ. ಹೇಳಿ ಇಳಿದವನು ರಾಜರತ್ನನ ಹತ್ತಿರ ಬಂದು ಕೈ ಚಾಚಿದ.

ರಾಜರತ್ನ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ.

“ದವಾಖಾನ್ಯಾಗ ಆ ಹುಡುಗಿ ಇನ್ನೂ ನಾನ ಮಾಡೇನಿ ಅಂತ ತಿಳಕೊಂಡಾಳ್ರಿ,” ಎಂದ. “ಮೊದಲ ಅಲ್ಲಿಗೆ ಹೋಗಿ ಬರ್ರಿ.”

ಅಷ್ಟು ಹೇಳಿ, ಪುಸ್ತಕ ಎತ್ತಿಕೊಂಡು ಪಾಠಕ್ಕೆ ಹೋದ.